ಟಾರ್ಗೆಟ್ ಮುಟ್ಟದವನಲ್ಲಿ ಬದ್ಧತೆಯೇ ಇಲ್ಲವೇ?

ಆಳಂದ ರಸ್ತೆ:
ನಾನು ಕಲಬುರಗಿಯಲ್ಲಿ ಒಂದು ಕೀಟನಾಶಕ ಕಂಪನಿಯ ಮಾರಾಟ ಪ್ರತಿನಿಧಿ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿವೆ. ಈ ಸಲ ತೊಗರಿ ಹೂ ಬಿಡುವ ಹೊತ್ತಿಗೆ ಹೊಲದಲ್ಲಿ ತೇವವಿರಲಿಲ್ಲ. ಬಹಳ ಕಡೆ ರೈತರು ಎರಡನೇ ಸಿಂಪಡಣೆಯನ್ನೇ ಕೈಬಿಟ್ಟರು, ನನ್ನ ಟಾರ್ಗೆಟ್ ಮುಟ್ಟಲಿಲ್ಲ. ತಿಂಗಳ ಸಭೆಯಲ್ಲಿ ಮೇಲಧಿಕಾರಿ ಎಲ್ಲರ ಎದುರು ‘ನಿನಗೆ ಕೆಲಸದಲ್ಲಿ ಬದ್ಧತೆ ಇಲ್ಲ’ ಎಂದರು. ಆಮೇಲೆ ತರಬೇತುದಾರರೊಬ್ಬರು ಪ್ರೇರಣೆಯ ಕುರಿತು ಮಾತನಾಡಿದರು. ಕೇಳುವಾಗ ಹುಮ್ಮಸ್ಸು ಬಂದದ್ದು ನಿಜ. ಮರುದಿನ ಹಳೆಯ ಬಾಕಿ ಕೇಳಿದ್ದಕ್ಕೆ ಡೀಲರ್ ಮುಖ ತಿರುಗಿಸಿದಾಗ ಆ ಹುಮ್ಮಸ್ಸು ಉಳಿಯಲಿಲ್ಲ.

ನನ್ನ ಜೊತೆಯವನೊಬ್ಬ ತಿಂಗಳ ಕೊನೆಗೆ ಅಂಗಡಿಗಳಿಗೆ ಮಾಲು ಇಳಿಸಿ ಟಾರ್ಗೆಟ್ ಮುಗಿಸಿದ. ಅವನಿಗೆ ಬದ್ಧತೆ ಇದೆ, ನನಗಿಲ್ಲ ಎಂದಾಯಿತು. ಮಾರಾಟದಲ್ಲಿ ಗೆಲ್ಲುವುದಕ್ಕೆ ಬದ್ಧತೆ ಮತ್ತು ಪ್ರೇರಣೆ ಎಷ್ಟರಮಟ್ಟಿಗೆ ಕಾರಣ? ಅನುಭವ ಇರುವವರು ದಯವಿಟ್ಟು ಹೇಳಿ.

ಜೇವರ್ಗಿ ಅಂಗಡಿ:
ತಮ್ಮಾ, ನಾನು ಕೌಂಟರಿನ ಈಚೆ ಕುಳಿತವನು. ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ ನನ್ನದು. ನಿನ್ನಂಥ ಪ್ರತಿನಿಧಿಗಳು ವರ್ಷವಿಡೀ ಬಂದುಹೋಗುತ್ತಾರೆ. ಯಾರು ಕೆಲಸಕ್ಕೆ ಮನಸ್ಸು ಕೊಟ್ಟಿದ್ದಾರೆ ಎಂಬುದು ಮೇಲಧಿಕಾರಿಗಿಂತ ಮೊದಲು ನಮಗೆ ತಿಳಿಯುತ್ತದೆ. ಬರೆದುಕೊಳ್ಳಲು ಆರ್ಡರ್ ಇಲ್ಲದ ದಿನಗಳಲ್ಲಿ ಅದು ಎದ್ದು ಕಾಣುತ್ತದೆ.

2022ರ ತೊಗರಿಯನ್ನು ನೆನಪಿಸಿಕೋ. ನೆಟೆ ರೋಗ ಬಿದ್ದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹೊಲಗಳು ನಿಂತಲ್ಲೇ ಒಣಗಿದವು. ರೈತರು ಗಿಡ ಕಿತ್ತು ತಂದು, ಯಾವುದಾದರೂ ಔಷಧ ಕೊಡಿ ಎಂದು ಅಂಗಡಿ ಮುಂದೆ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಯಾವ ಡಬ್ಬಿ ಕೈಗಿಟ್ಟರೂ ಒಯ್ಯುತ್ತಿದ್ದರು. ಆಗ ಅಂಗಡಿಯಲ್ಲಿದ್ದ ಒಬ್ಬ ಪ್ರತಿನಿಧಿ ರೈತರೊಬ್ಬರ ಕೈಯಿಂದ ಗಿಡ ಇಸಿದುಕೊಂಡು ಬುಡದ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದ. ಒಳಗೆ ಕಂದುಗಪ್ಪು ಗೆರೆ. ‘ಕಾಕಾ, ಇದು ಮಣ್ಣಿನಲ್ಲಿರುವ ಶಿಲೀಂಧ್ರ. ನೀರು ಏರುವ ದಾರಿಯೇ ಕಟ್ಟಿಹೋಗಿದೆ. ಎಲೆಗೆ ಏನು ಹೊಡೆದರೂ ಈ ಗಿಡ ಚೇತರಿಸಿಕೊಳ್ಳುವುದಿಲ್ಲ, ದುಡ್ಡು ಹಾಳು ಮಾಡಿಕೊಳ್ಳಬೇಡಿ. ಮುಂದಿನ ಸಲ ರೋಗ ತಡೆಯುವ ತಳಿ ತನ್ನಿ, ಬಿತ್ತುವ ಮೊದಲು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಿ. ಆಗುವುದಾದರೆ ಆ ಹೊಲಕ್ಕೆ ಬೇರೆ ಬೆಳೆ ಹಾಕಿ’ ಎಂದ. ಅವನದೇ ಕಂಪನಿಯ ಶಿಲೀಂಧ್ರನಾಶಕ ಹಿಂದಿನ ಕಪಾಟಿನಲ್ಲಿತ್ತು! ಕೈಗೆ ಬಂದ ವ್ಯಾಪಾರ ಹೋಯಿತೆಂದು ನನಗೂ ಒಳಗೊಳಗೆ ಕಸಿವಿಸಿಯಾಯಿತು. ಮುಂದಿನ ಮುಂಗಾರಿಗೆ ಅದೇ ರೈತರು, ಜೊತೆಗೆ ಅವರ ಊರಿನವರು, ಆ ಹುಡುಗ ಯಾವಾಗ ಬರುತ್ತಾನೆ ಎಂದು ಕೇಳಿಕೊಂಡು ಬಂದರು. ಕಾಯಿಕೊರಕಕ್ಕೂ ಅವನು ಹೇಳಿದ ಔಷಧವನ್ನೇ ಒಯ್ದರು. ಮಾರಾಟದವನ ಬದ್ಧತೆ ಎಂದರೆ ನನ್ನ ಕಣ್ಣಿಗೆ ಇಂಥದ್ದೇ.

ನಿನ್ನ ಜೊತೆಯವನು ಇಳಿಸಿದ ಮಾಲು ಇನ್ನೂ ರೈತನ ಹೊಲ ಸೇರಿಲ್ಲ. ನಮ್ಮಂಥವರ ಕಪಾಟಿನಲ್ಲಿದೆ. ಸ್ಕೀಮಿನ ಆಸೆಗೋ ದಾಕ್ಷಿಣ್ಯಕ್ಕೋ ಇಳಿಸಿಕೊಂಡಿರುತ್ತೇವೆ. ಹಂಗಾಮು ಮುಗಿದ ಮೇಲೆ ಅವಧಿ ತೀರುತ್ತ ಬಂದ ಡಬ್ಬಿಗಳನ್ನು ವಾಪಸ್ ಒಯ್ಯಿರಿ ಎಂದು ನಾವು, ಆಗದು ಎಂದು ಅವರು. ವಸೂಲಿ ನಿಲ್ಲುವುದು ಅಲ್ಲಿಯೇ. ಇಲ್ಲಿ ರೈತ ಉದ್ರಿ ಒಯ್ದು ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡಿ, ತೊಗರಿ ಮಾರಿದ ಮೇಲೆ ದುಡ್ಡು ಕೊಡುತ್ತಾನೆ. ಅಂಗಡಿಯವನ ಬಂಡವಾಳ ಮಾರಾಟವಾಗದ ಮಾಲಿನಲ್ಲಿ ಸಿಕ್ಕಿಕೊಂಡರೆ ನಿನ್ನ ಹಳೆಯ ಬಾಕಿಯನ್ನು ಅವನು ಎಲ್ಲಿಂದ ತಂದಾನು? ನಿನಗೆ ಮುಖ ತಿರುಗಿಸಿದ ಡೀಲರ್‌ನ ಕಪಾಟನ್ನು ಒಮ್ಮೆ ನೋಡಿ ಬಾ.

ಹುಮ್ಮಸ್ಸಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪೆಟ್ರೋಲಿನ ಬಿಲ್ಲು ತಿಂಗಳುಗಟ್ಟಲೆ ಬಾರದೆ ಸೊರಗಿದ ಒಳ್ಳೆಯ ಹುಡುಗರನ್ನು ಕಣ್ಣಾರೆ ಕಂಡಿದ್ದೇನೆ. ಅವರನ್ನು ಬದ್ಧತೆ ಇಲ್ಲದವರೆಂದು ಕರೆಯುವುದು ಅನ್ಯಾಯ.

ಯಾದಗಿರಿ ಮುಂಗಾರು:
ನಾನು ತಂಡವೊಂದನ್ನು ನಡೆಸುವವನು, ಆದ್ದರಿಂದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಳೆ ಕೈಕೊಟ್ಟಿತು ಎನ್ನುವವರಲ್ಲಿ ಎರಡು ಬಗೆ. ಒಬ್ಬ ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಕಡೆ ತಿರುಗಾಟ ಹೆಚ್ಚಿಸಿರುತ್ತಾನೆ. ಇನ್ನೊಬ್ಬ ಮನೆಯಿಂದಲೇ ಫೋನ್ ಮಾಡಿ ‘ಮಾಲು ಹೋಗುತ್ತಿಲ್ಲ’ ಎಂದು ವರದಿ ಬರೆದಿರುತ್ತಾನೆ. ಅಂಕಿ ಇಬ್ಬರದೂ ಕಡಿಮೆಯೇ. ನಿಮ್ಮ ಅಫಜಲಪುರದಲ್ಲಿ ಭೀಮಾ ದಂಡೆಗೆ ಕಬ್ಬು ಇದೆಯಲ್ಲ, ಅಲ್ಲಿಗೆ ಎಷ್ಟು ಹೋದಿರಿ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಸಭೆಗೆ ಹೋಗಿ.

ಬೀದರ್ ಅಕ್ಕ:
ನಾನು ಜೀವ ವಿಮೆಯ ಏಜೆಂಟ್, ಭಾಲ್ಕಿ ಮತ್ತು ಬಸವಕಲ್ಯಾಣದ ಕಡೆ ತಿರುಗುತ್ತೇನೆ. ನಮ್ಮಲ್ಲಿ ಮೊದಲ ವರ್ಷದ ಕಮಿಷನ್ ಹೆಚ್ಚು, ಆಮೇಲಿನದು ಕಡಿಮೆ. ಹಾಗಾಗಿ ಹೊಸ ಪಾಲಿಸಿ ಮಾಡಿಸಿ ಕೈತೊಳೆದುಕೊಳ್ಳುವ ಆಸೆ ಸಹಜ. ಅದಕ್ಕೇ 13ನೇ ತಿಂಗಳಿನಲ್ಲಿ ಎಷ್ಟು ಪಾಲಿಸಿ ಉಳಿದಿವೆ, 61ನೇ ತಿಂಗಳಿನಲ್ಲಿ ಎಷ್ಟು ಎಂದು ನಮ್ಮ ಉದ್ಯಮ ಲೆಕ್ಕ ಇಡುತ್ತದೆ. ಏಜೆಂಟ್ ಎಂಥವರೆಂದು ಹೇಳುವ ಲೆಕ್ಕ ಅದು.

ಸೋಯಾಬೀನ್ ಬೆಳೆಯುವ ಮನೆಗೆ ತಿಂಗಳ ಕಂತು ಹಾಕಿದರೆ ನಡುವೆ ಎಲ್ಲೋ ನಿಂತೇ ನಿಲ್ಲುತ್ತದೆ. ಮಾಸಿಕ ಕಂತು ತಪ್ಪಿದರೆ 15 ದಿನ ಮಾತ್ರ ಹೆಚ್ಚುವರಿ ಅವಧಿ, ವಾರ್ಷಿಕಕ್ಕಾದರೆ 30 ದಿನ. ನಾನು ರಾಶಿಯಾಗಿ ದುಡ್ಡು ಬರುವ ಹೊತ್ತಿಗೆ ವಾರ್ಷಿಕ ಕಂತು ಬರುವಂತೆ ಮಾಡಿಸುತ್ತೇನೆ, ಕಬ್ಬಿನವರಿಗೆ ಕಾರ್ಖಾನೆಯ ಬಿಲ್ಲು ಆಗುವ ಹೊತ್ತು ನೋಡುತ್ತೇನೆ. ಇದಕ್ಕೆ ಯಾರ ಬಹುಮಾನವೂ ಇಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳ ಖಾತೆಗೆ ಕ್ಲೇಮಿನ ಹಣ ಬಿದ್ದ ದಿನ ಅವಳ ಮನೆಯಲ್ಲಿ ಕುಳಿತಿದ್ದೆ, ಮಕ್ಕಳ ಶಾಲೆಯ ಶುಲ್ಕದ ಚೀಟಿ ಅವಳ ಕೈಯಲ್ಲಿತ್ತು. ಬಿಸಿಲಿನಲ್ಲಿ ಮತ್ತೆ ಹೊರಡಲು ನನಗೆ ಅಷ್ಟು ಸಾಕು.

ಪಾಠದ ಕೋಣೆ:
ವಾಣಿಜ್ಯ ಕಲಿಸುವವಳಾಗಿ ಎರಡು ಮಾತು ಸೇರಿಸುತ್ತೇನೆ. 1964ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ ಪ್ರೇರಣೆಗೆ ಮೂರು ಕೊಂಡಿ ಹೇಳಿದರು: ದುಡಿದರೆ ಕೆಲಸ ಆಗುತ್ತದೆಂಬ ನಂಬಿಕೆ, ಕೆಲಸ ಆದರೆ ಪ್ರತಿಫಲ ಸಿಗುತ್ತದೆಂಬ ನಂಬಿಕೆ, ಆ ಪ್ರತಿಫಲ ತನಗೆ ಬೇಕಾದದ್ದು ಎಂಬ ಭಾವನೆ. ಒಂದು ಕಡಿದರೂ ಪ್ರೇರಣೆ ಉಳಿಯುವುದಿಲ್ಲ. ಬೆಳೆಯ ಸ್ಥಿತಿ ನೋಡದೆ ಟಾರ್ಗೆಟ್ ಕೊಟ್ಟಾಗ ಕಡಿಯುವುದು ಮೊದಲನೆಯದು. ಭಾಷಣವೂ ಬಹುಮಾನದ ಪ್ರವಾಸವೂ ಹೆಚ್ಚಾಗಿ ಮುಟ್ಟುವುದು ಮೂರನೆಯದನ್ನು. ನಿಮ್ಮ ಹುಮ್ಮಸ್ಸು ಒಂದೇ ದಿನದಲ್ಲಿ ಇಳಿದದ್ದು ಅದಕ್ಕೇ ಎಂದು ನನಗನಿಸುತ್ತದೆ.

ಬದ್ಧತೆಯನ್ನೂ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಮೂರಾಗಿ ಬಿಡಿಸಿದರು. ಸಂಸ್ಥೆಯ ಮೇಲಿನ ಒಲವಿನಿಂದ ಉಳಿಯುವುದು ಒಂದು, ಬಿಟ್ಟರೆ ಆಗುವ ನಷ್ಟಕ್ಕೆ ಅಂಜಿ ಉಳಿಯುವುದು ಇನ್ನೊಂದು, ಉಳಿಯುವುದು ತನ್ನ ಕರ್ತವ್ಯವೆಂದು ಉಳಿಯುವುದು ಮತ್ತೊಂದು. ಎಲ್ಲರ ಎದುರು ಬೈಸಿಕೊಂಡವನಲ್ಲಿ ಉಳಿಯುವುದು ಹೆಚ್ಚಾಗಿ ಎರಡನೆಯದು, ಅದರಿಂದ ಒಳ್ಳೆಯ ಕೆಲಸ ಹುಟ್ಟುವುದು ಕಷ್ಟ.

ಆಳಂದ ರಸ್ತೆ:
ಎಲ್ಲರಿಗೂ ವಂದನೆಗಳು. ಭೀಮಾ ದಂಡೆಯ ಪ್ರಶ್ನೆ ಸರಿಯಾಗಿಯೇ ಇದೆ ಸರ್, ಅಲ್ಲಿ ಓಡಾಡಿದ್ದೇನೆ, ಊರುಗಳ ಹೆಸರು ಬರೆದಿಟ್ಟಿದ್ದೇನೆ. ಅಂಗಡಿ ಅಣ್ಣಾ, ಮುಂದಿನ ಹಂಗಾಮಿಗೆ ಯಾವುದರಿಂದ ಶುರು ಮಾಡಲಿ?

ಜೇವರ್ಗಿ ಅಂಗಡಿ:
ಮೊದಲು ಪ್ರತಿ ಅಂಗಡಿಯಲ್ಲಿ ಎಷ್ಟು ಮಾಲು ಕೊಟ್ಟೆ, ಅದರಲ್ಲಿ ರೈತರಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಡೀಲರ್‌ನ ದಾಸ್ತಾನು ಪುಸ್ತಕ ನೋಡಿ ಬರೆದುಕೋ. ಮುಂದಿನ ಸಭೆಯಲ್ಲಿ ಆ ಹಾಳೆಯನ್ನೇ ಮೇಲಧಿಕಾರಿಯ ಮುಂದಿಡು. ತೊಗರಿ ಮೊಗ್ಗು ಹಿಡಿದಾಗ ಹೊಲಕ್ಕೆ ಇಳಿ. ಗಿಡದ ಬುಡಕ್ಕೆ ಗೋಣಿಚೀಲ ಹಾಸಿ ಗಿಡ ಅಲ್ಲಾಡಿಸಿ, ಉದುರಿದ ಕಾಯಿಕೊರಕದ ಕೀಡೆಗಳನ್ನು ರೈತನಿಂದಲೇ ಎಣಿಸು. ಗಿಡಕ್ಕೆ 2 ಮೊಟ್ಟೆ ಅಥವಾ 1 ಕೀಡೆ ಕಂಡರೆ ಸಿಂಪಡಣೆ ಬೇಕೆಂದು ಹೇಳು. ಅದಕ್ಕಿಂತ ಕಡಿಮೆ ಇದ್ದರೆ ಬೇವಿನ ಬೀಜದ ಕಷಾಯ ಸಾಕು, ಮತ್ತೆ ಬಂದು ನೋಡುತ್ತೇನೆ ಎನ್ನು. ಹೇಳಿದಂತೆ ಹೋಗು. ಹೋಗುವ ಮುನ್ನ ನಿನ್ನ ಆಳಂದದ ಡೀಲರ್‌ಗೆ ಫೋನ್ ಮಾಡಿ ಅವರನ್ನೂ ಜೊತೆಗೆ ಕರೆದುಕೋ, ಬಾಕಿಯ ಮಾತು ಹೊಲದ ದಾರಿಯಲ್ಲಿ ಸುಲಭವಾಗಿ ಬರುತ್ತದೆ.