ಹುಳುಕಡ್ಡಿ ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಕಲೆ, ಯಾಕಿರಬಹುದು?

ತೋಟದಮನೆ:
ನಮ್ಮ ಯಜಮಾನರಿಗೆ ಮಳೆಗಾಲ ಬಂತೆಂದರೆ ತೊಡೆ ಸಂದಿಯಲ್ಲಿ ಹುಳುಕಡ್ಡಿ. ದಿನವಿಡೀ ಒದ್ದೆ ಚಡ್ಡಿಯಲ್ಲೇ ತೋಟ ಸುತ್ತಿದರೆ ಇನ್ನೇನಾಗುತ್ತೆ ಹೇಳಿ. ಡಾಕ್ಟರು ವಾರಕ್ಕೊಂದು ಫ್ಲುಕೊನಜೋಲ್ 150 ಮಿ.ಗ್ರಾಂ. ಬರೆದುಕೊಟ್ಟರು. ಮೊದಲ ಮಾತ್ರೆಗೆ ಏನೂ ಆಗಲಿಲ್ಲ. ಎರಡನೆಯದು ನುಂಗಿದ ರಾತ್ರಿ ಕೆಳತುಟಿ ಉರಿ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಎಂಟಾಣೆ ಅಗಲದ ಕೆಂಪು ಬೊಟ್ಟು, ಆಮೇಲೆ ಕಪ್ಪಗಾಯಿತು. ಮುಂದಿನ ಮಾತ್ರೆಗೂ ಅದೇ ಜಾಗ, ಅದೇ ಉರಿ. ಹುಳುಕಡ್ಡಿ ಕೈಗೂ ಹಬ್ಬಿದೆ ಅಂತ ಇವರು ಮುಲಾಮು ಬಳಿದುಕೊಂಡು ಕೂತಿದ್ದಾರೆ. ನನಗೆ ಮಾತ್ರೆ ಮೇಲೇ ಅನುಮಾನ.

ಮೆಡಿಕಲ್ ಶಾಪಿನವ:
ನಿಮ್ಮ ಅನುಮಾನ ಸರಿ ಇರಬಹುದು ಅಕ್ಕಾ. ಹುಳುಕಡ್ಡಿ ನಿಧಾನವಾಗಿ ಹರಡುತ್ತೆ, ಅಂಚಿನಲ್ಲಿ ಹೊಟ್ಟು ಏಳುತ್ತೆ, ತುರಿಸುತ್ತೆ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಹಳೇ ಜಾಗದಲ್ಲೇ ಉರಿದು ಕೆಂಪಾಗಿ, ಕಪ್ಪು ಕಲೆ ಉಳಿದರೆ ಅದನ್ನು ‘ಫಿಕ್ಸ್ಡ್ ಡ್ರಗ್ ಎರಪ್ಷನ್’ ಅಂತಾರೆ. ತುಟಿ, ಕೈ, ಗುಪ್ತಾಂಗ ಇದರ ಮಾಮೂಲಿ ಜಾಗಗಳು. ಒಂದು ಸಲ ರೇಗಿದ ರೋಗನಿರೋಧಕ ಕಣಗಳು ಆ ಚರ್ಮದಲ್ಲೇ ಬೀಡುಬಿಟ್ಟಿರುತ್ತವೆ. ಅದೇ ಔಷಧಿ ಮತ್ತೆ ಬಂದರೆ ಅಲ್ಲೇ ಕೆರಳುತ್ತವೆ. ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಕೈ ತೋರಿಸಿ. ಆ ದಿನಗಳಲ್ಲಿ ಮೈಕೈ ನೋವಿನ ಮಾತ್ರೆಯನ್ನೂ ನುಂಗಿದ್ದರಾ? ಅದರಿಂದಲೂ ಹೀಗೇ ಆಗುತ್ತೆ.

ಸುಮ್ನೆ ಓದುವವ:
ಇಟ್ರಕೊನಜೋಲ್ ತಗೊಳ್ಳಲಿ. ನನಗೆ ಏನೂ ಆಗಲಿಲ್ಲ.

ಮೆಡಿಕಲ್ ಶಾಪಿನವ:
ನಿಮಗೆ ಆಗಲಿಲ್ಲ, ಸರಿ. ಆದರೆ ಅದೂ ಫ್ಲುಕೊನಜೋಲ್ ಕುಟುಂಬದ್ದೇ. ಒಂದು ಒಗ್ಗದವರಲ್ಲಿ ಕೆಲವರಿಗೆ ಇನ್ನೊಂದೂ ಒಗ್ಗಲ್ಲ. ಟರ್ಬಿನಾಫಿನ್ ಅನ್ನೋ ಇನ್ನೊಂದು ಹುಳುಕಡ್ಡಿ ಮಾತ್ರೆ ಬೇರೆ ಗುಂಪಿನದು, ಅದರಿಂದಲೂ ಕೆಲವರಿಗೆ ದದ್ದು ಏಳುತ್ತೆ. ಯಾವುದು ಅನ್ನೋದು ಡಾಕ್ಟರೇ ಹೇಳಲಿ. ಸುಮ್ನೆ ನುಂಗಿ ಪರೀಕ್ಷೆ ಮಾಡೋದು ಬೇಡ, ಪ್ರತಿ ಸಲಕ್ಕೂ ಕಲೆ ಜಾಸ್ತಿಯಾಗಬಹುದು. ಬೊಬ್ಬೆ ಎದ್ದು ಚರ್ಮ ಸುಲಿದರೆ, ಬಾಯಿ, ಕಣ್ಣು ಹುಣ್ಣಾಗಿ ಜ್ವರ ಬಂದರೆ ಕಾಯಬೇಡಿ, ನೇರ ದೊಡ್ಡಾಸ್ಪತ್ರೆಗೆ.

ತೋಟದಮನೆ:
ನೋವಿನ ಮಾತ್ರೆ ನುಂಗಿಲ್ಲವಂತೆ. ಮುಲಾಮಿನ ಟ್ಯೂಬ್ ಮೇಲೆ ಕ್ಲೋಬೆಟಸಾಲ್ ಅಂತಲೂ ಇದೆ. ಪಕ್ಕದ ಮನೆಯವರು ಕೊಟ್ಟಿದ್ದು.

ಮೆಡಿಕಲ್ ಶಾಪಿನವ:
ಅದು ಸ್ಟೀರಾಯ್ಡ್! ತುರಿಕೆ ನಿಲ್ಲುತ್ತೆ, ಹುಳುಕಡ್ಡಿ ಒಳಗೊಳಗೇ ಹಬ್ಬುತ್ತೆ. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರದ ಆದೇಶ ಬಂದಿದೆ. ಯಾರು ಕೇಳ್ತಾರೆ ಬಿಡಿ. ಆ ಟ್ಯೂಬು, ಮಾತ್ರೆಯ ಖಾಲಿ ಸ್ಟ್ರಿಪ್ ಎರಡನ್ನೂ ಡಾಕ್ಟರ ಮುಂದಿಡಿ. ಮಾತ್ರೆಯದ್ದೇ ಕೆಲಸ ಅಂತಾದರೆ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಅವರ ಪರ್ಸಿನಲ್ಲೇ ಇಡಿ.