ಶೇಂಗಾ, ಗೋಡಂಬಿ ಆಗದ ಮಗು ಜೊತೆ ಫ್ಲೈಟ್: ಹೋಗಿ ಬಂದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ:

ಮಗನಿಗೆ ನಾಲ್ಕು ವರ್ಷ, 16 ಕೆಜಿ. ಶೇಂಗಾ, ಗೋಡಂಬಿ ಎರಡೂ ಆಗಲ್ಲ, ಹೋದ ವರ್ಷ ಒಂದ್ಸಲ ಐಸಿಯುವರೆಗೂ ಹೋಗಿ ಬಂದಿದೀವಿ. ಡಿಸೆಂಬರ್‌ನಲ್ಲಿ ತಂಗಿ ಬಾಣಂತನಕ್ಕೆ ಬೆಂಗಳೂರಿಂದ ಡಲ್ಲಾಸ್‌ಗೆ ಹೋಗ್ಬೇಕು, ಮಧ್ಯ ಒಂದ್ಕಡೆ ಫ್ಲೈಟ್ ಬದಲಾಯಿಸೋದಿದೆ. ಮನೇಲಿ ಎಲ್ರೂ ಏನಾಗಲ್ಲ ಹೋಗು ಅಂತಾರೆ, ನಂಗೆ ಮಾತ್ರ ರಾತ್ರಿ ನಿದ್ದೆ ಬರ್ತಿಲ್ಲ. ವಿಮಾನದಲ್ಲಿ ಬೇರೆ ಯಾರೋ ಶೇಂಗಾ ತಿಂದ್ರೆ ಗಾಳೀಲಿ ಬಂದು ಇವನಿಗೆ ಆಗತ್ತಾ? ಊಟಕ್ಕೆ ಏನ್ ಮಾಡಿದ್ರಿ? ಇಂಜೆಕ್ಷನ್ ಸೆಕ್ಯೂರಿಟೀಲಿ ಬಿಡ್ತಾರಾ? ದಯವಿಟ್ಟು ಹೇಳಿ.

ಉತ್ತರ, ಬೆಂಗಳೂರಿಂದ:

ನೀವು ಬರ್ದಿದ್ದು ಓದಿ ನಾಲ್ಕು ವರ್ಷದ ಹಿಂದಿನ ನಾನೇ ಕಣ್ಮುಂದೆ ಬಂದೆ. ನನ್ನ ಮಗಳಿಗೂ ಅದೇ ಎರಡು, ಕಡಲೆಕಾಯಿ ಮತ್ತೆ ಗೋಡಂಬಿ. ಈಗ ಅವಳಿಗೆ ಒಂಬತ್ತು. ಇಲ್ಲೀವರೆಗೆ ಆರು ಸಲ ದೂರದ ಪ್ರಯಾಣ ಮಾಡಿದೀವಿ, ಐದು ಸಲ ಏನೂ ಆಗಿಲ್ಲ, ಒಂದ್ಸಲ ಆಯ್ತು. ಆ ಒಂದನ್ನೇ ಮೊದ್ಲು ಹೇಳ್ತೀನಿ, ಹೆದರಿಸೋಕಲ್ಲ, ಗೊತ್ತಿದ್ದೂ ನಾವು ಎಲ್ಲಿ ತಪ್ಪಿದ್ವಿ ಅನ್ನೋದು ನಿಮಗೆ ಉಪಯೋಗಕ್ಕೆ ಬರತ್ತೆ ಅಂತ.

ಯೂರೋಪಿಂದ ವಾಪಸ್ ಬರ್ತಿದ್ವಿ. ಹೋಗುವಾಗ ಎಲ್ಲ ಸರಿ ಮಾಡಿದ್ವಿ, ಏರ್‌ಲೈನ್‌ಗೆ ತಿಳಿಸಿದ್ವಿ, ಸೀಟ್ ಒರೆಸಿದ್ವಿ, ಮನೆ ಊಟ ಕಟ್ಕೊಂಡಿದ್ವಿ. ವಾಪಸ್ ಬರೋ ದಿನ ಫ್ಲೈಟ್ ಐದು ಗಂಟೆ ಲೇಟಾಯ್ತು, ಡಬ್ಬಿ ಏರ್‌ಪೋರ್ಟ್‌ನಲ್ಲೇ ಖಾಲಿ ಆಯ್ತು, ಮಗು ಹಸಿವು ಅಂತ ಅಳ್ತಿತ್ತು. ಆಗ ಹಿಂದೂ ವೆಜಿಟೇರಿಯನ್ ಊಟ ಬಂತು, ಪನೀರ್ ಗ್ರೇವಿ. ನಮ್ಮನೆಯವರು ಕೇಳೇ ಕೇಳಿದ್ರು, ಇದ್ರಲ್ಲಿ ನಟ್ಸ್ ಇದ್ಯಾ ಅಂತ, ಊಟ ಕೊಡ್ತಿದ್ದ ಗಗನಸಖಿ ಮೆನು ಕಾರ್ಡ್ ನೋಡಿ ಇಲ್ಲ ಅಂದ್ಳು. ಅವಳ ತಪ್ಪು ಅಂತ ನಾನು ಹೇಳಲ್ಲ, ಕಾರ್ಡ್‌ನಲ್ಲಿ ಪನೀರ್ ಅಂತಷ್ಟೇ ಇತ್ತು. ಆದ್ರೆ ಹೋಟೆಲ್ ಗ್ರೇವಿ ಮಂದ ಆಗೋದೇ ಗೋಡಂಬಿ ಪೇಸ್ಟ್‌ನಿಂದ, ಇದು ನಂಗೆ ಅಡುಗೆಮನೇಲಿ ಗೊತ್ತಿರೋ ವಿಷ್ಯ, ಆ ಹೊತ್ತಲ್ಲಿ ಹೊಳೀಲಿಲ್ಲ. ಎರಡು ಚಮಚ ತಿಂದಳು. ಮೂರನೇದು ಬೇಡ ಅಂದ್ಳು. ಅಮ್ಮಾ ನಾಲಿಗೆ ಚುಚ್ತಿದೆ ಅಂದ್ಳು.

ಪೆನ್, ಅಂದ್ರೆ ತೊಡೆಗೆ ಒತ್ತಿದ್ರೆ ತಾನೇ ಚುಚ್ಚೋ ಅಡ್ರಿನಲಿನ್ ಇಂಜೆಕ್ಷನ್, ಎಲ್ಲಿತ್ತು ಅಂದ್ರೆ ಮೇಲಿನ ಲಗೇಜ್ ಬಿನ್‌ನಲ್ಲಿ, ನೀಲಿ ಬ್ಯಾಗಲ್ಲಿ, ಆ ಬ್ಯಾಗ್ ಮುಂದೆ ಬೇರೆ ಯಾರದೋ ಸೂಟ್‌ಕೇಸ್. ದಾರೀಲಿ ಊಟದ ಟ್ರಾಲಿ ಅಡ್ಡ. ಅಷ್ಟರಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ, ಪರ್ಸಲ್ಲಿದ್ದ ಸಿಟ್ರಿಜಿನ್ ಅನ್ನೋ ಅಲರ್ಜಿ ಸಿರಪ್ ಕುಡಿಸಿ ನೋಡೋಣ ಕಡಿಮೆ ಆಗ್ಬೋದು ಅಂತ ಕೂತೆ. ತುಟಿ ಊದ್ತು, ಕುತ್ತಿಗೆ ತುಂಬ ದದ್ದು ಎದ್ವು, ವಾಂತಿ ಆಯ್ತು, ಆಮೇಲೆ ಕೆಮ್ಮು ಶುರುವಾಗಿ ದನಿ ಒಡೆದು ಹೋಯ್ತು. ಆ ದನಿ ಕೇಳಿದ ಮೇಲೆ ನಮ್ಮನೆಯವರು ಸೀಟ್ ಮೇಲೇ ಹತ್ತಿ ಬ್ಯಾಗ್ ಎಳೆದ್ರು. ನೀಲಿ ಕ್ಯಾಪ್ ಕಿತ್ತೆ, ಕಿತ್ತಳೆ ಬಣ್ಣದ ತುದಿಯನ್ನ ತೊಡೆ ಹೊರಮಗ್ಗುಲಿಗೆ ಪ್ಯಾಂಟ್ ಮೇಲಿಂದನೇ ಒತ್ತಿದೆ, ಕ್ಲಿಕ್ ಅಂತು, ಒತ್ತಿ ಹಿಡ್ಕೊಂಡೇ ಮೂರರವರೆಗೆ ಎಣಿಸಿದೆ, ಮಗು ಕಿರುಚಿತು. ಪಕ್ಕದವರು ಎದ್ದು ಜಾಗ ಬಿಟ್ಕೊಟ್ರು, ಅಡ್ಡ ಮಲಗಿಸಿ ಕಾಲು ನನ್ನ ಮಡಿಲ ಮೇಲೆ ಎತ್ತಿ ಇಟ್ಕೊಂಡೆ. ಹತ್ತು ನಿಮಿಷ ಆಗಿರ್ಬೋದು, ದನಿ ವಾಪಸ್ ಬಂತು, ನೀರು ಕೇಳಿದ್ಳು. ಪ್ರಯಾಣಿಕರಲ್ಲೇ ಒಬ್ರು ಡಾಕ್ಟರ್ ಇದ್ರು, ಇಳಿಯೋವರೆಗೂ ಪಕ್ಕದಲ್ಲೇ ಕೂತ್ರು, ಮಗುನ ಎದ್ದು ನಿಲ್ಲೋಕೆ ಬಿಡ್ಬೇಡಿ ಅಂತ ಪದೇ ಪದೇ ಹೇಳಿದ್ರು. ಇಳಿದ ಮೇಲೆ ಸೀದಾ ಆಸ್ಪತ್ರೆ, ರಾತ್ರಿ ಪೂರ್ತಿ ಅಲ್ಲೇ, ಯಾಕಂದ್ರೆ ಕೆಲವರಿಗೆ ಕೆಲವು ಗಂಟೆ ಬಿಟ್ಟು ಎರಡನೇ ಸಲ ಬರತ್ತಂತೆ.

ಅದಕ್ಕೇ ಹೇಳ್ತೀನಿ, ಪೆನ್ ನಿಮ್ಮ ಮೈ ಮೇಲಿರಲಿ. ಬಿನ್‌ನಲ್ಲಿ ಬೇಡ, ಮುಂದಿನ ಸೀಟಿನ ಜೇಬಲ್ಲೂ ಬೇಡ, ಫ್ಲೈಟ್ ಬದಲಾಯಿಸೋ ಗಡಿಬಿಡೀಲಿ ಅಲ್ಲೇ ಉಳಿಯತ್ತೆ. ನಾನೀಗ ಸೊಂಟಕ್ಕೆ ಕಟ್ಟೋ ಪೌಚಲ್ಲಿ ಇಡ್ತೀನಿ, ಟಾಯ್ಲೆಟ್‌ಗೆ ಹೋದ್ರೂ ಜೊತೇಲೇ. ಎರಡು ಪೆನ್ ಇರ್ಲೇಬೇಕು, ಐದು ನಿಮಿಷದಲ್ಲಿ ಕಡಿಮೆ ಆಗ್ದಿದ್ರೆ ಎರಡನೇದು ಕೊಡಿ ಅಂತ ನಮ್ಮ ಡಾಕ್ಟರ್ ಬರೆದುಕೊಟ್ಟಿದಾರೆ. ಸಿಟ್ರಿಜಿನ್ ದದ್ದು, ತುರಿಕೆಗೆ ಸರಿ, ಗಂಟಲು ಕಟ್ಟೋದನ್ನ ಅದು ನಿಲ್ಸಲ್ಲ. ಉಸಿರಿಗೆ ತೊಂದ್ರೆ ಆದ್ರೆ ಅಥವಾ ದದ್ದು ಮತ್ತೆ ವಾಂತಿ ಎರಡೂ ಬಂದ್ರೆ ಕಾಯೋಕೆ ಹೋಗ್ಬೇಡಿ, ಪೆನ್ ಕೊಡಿ. ಕೊಟ್ಟ ಮೇಲೆ ಮಲಗಿಸಿ, ಉಸಿರಾಡೋಕೆ ಕಷ್ಟ ಆಗ್ತಿದ್ರೆ ಒರಗಿಸಿ ಕೂರಿಸಿ, ನಡೆಸ್ಬೇಡಿ.

ಇನ್ನು ಗಾಳಿ ವಿಷ್ಯ. ನಾನೂ ಇದಕ್ಕೇ ಅತಿ ಹೆಚ್ಚು ಹೆದರಿದ್ದೆ, ಈಗ ಕಡಿಮೆ ಆಗಿದೆ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಮಾಡಿಸಿದ ಒಂದು ಪರಿಶೀಲನೆ 2024ರಲ್ಲಿ ಬಂತು, ವಿಮಾನದ ವೆಂಟಿಲೇಷನ್ ಮೂಲಕ ಕಡಲೆಕಾಯಿ ಅಂಶ ಹರಡುತ್ತೆ ಅನ್ನೋಕೆ ಆಧಾರ ಇಲ್ಲ ಅಂತ ಅದ್ರಲ್ಲಿದೆ. ದೊಡ್ಡ ಜೆಟ್‌ಗಳಲ್ಲಿ ಕ್ಯಾಬಿನ್ ಗಾಳಿ ಮೂರು ನಾಲ್ಕು ನಿಮಿಷಕ್ಕೊಮ್ಮೆ ಬದಲಾಗತ್ತೆ, ಫಿಲ್ಟರ್ ಆಗತ್ತೆ, ಹಿಂದಿಂದ ಮುಂದಕ್ಕೆ ಹರಿಯೋದಕ್ಕಿಂತ ಅಡ್ಡಡ್ಡ ಹರಿಯತ್ತೆ. ಅಪಾಯ ಇರೋದು ಅಂಟಿಕೊಂಡಿರೋದ್ರಲ್ಲಿ. ಟ್ರೇ, ಕೈ ಇಡೋ ಜಾಗ, ಬೆಲ್ಟ್ ಬಕಲ್, ಟಿವಿ ಸ್ಕ್ರೀನ್, ಇವುಗಳ ಮೇಲೆ ಹಿಂದಿನವರು ತಿಂದ ಪುಡಿ ಇರತ್ತೆ, ನಾಲ್ಕು ವರ್ಷದ ಮಗು ಅಲ್ಲಿ ಕೈ ಇಡತ್ತೆ, ಅದೇ ಕೈ ಬಾಯಿಗೆ. ಹಾಗಾಗಿ ಕೂತ ತಕ್ಷಣ ವೆಟ್ ವೈಪ್ಸ್‌ನಿಂದ ಒರೆಸಿ, ಸೀಟಿನ ಸಂದಿಗೂ ಕೈ ಹಾಕಿ ನೋಡಿ, ನಮಗೆ ಒಂದ್ಸಲ ಅರ್ಧ ಗೋಡಂಬಿನೇ ಸಿಕ್ಕಿತ್ತು. ಸೀಟ್ ಮೇಲೆ ಮನೆಯಿಂದ ತಂದ ತೆಳು ಬೆಡ್‌ಶೀಟ್ ಹಾಸಿ. ಒಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ, ಹ್ಯಾಂಡ್ ಸ್ಯಾನಿಟೈಸರ್ ಕ್ರಿಮಿ ಸಾಯಿಸತ್ತೆ, ಕಡಲೆಕಾಯಿ ಪ್ರೋಟೀನ್‌ನ ತೆಗೆಯಲ್ಲ, ಅದು ಕೈ ಮೇಲೆ ಹಾಗೇ ಉಳಿಯತ್ತೆ. ಸೋಪು ನೀರು, ಇಲ್ಲಾಂದ್ರೆ ವೈಪ್ಸ್.

ಊಟಕ್ಕೆ ನಮ್ಮನೆ ನಿಯಮ ಒಂದೇ, ವಿಮಾನದಲ್ಲಿ ಕೊಡೋದನ್ನ ಮಗು ತಿನ್ನಲ್ಲ, ಬ್ರೆಡ್ಡೂ ಇಲ್ಲ, ಚಾಕ್ಲೇಟೂ ಇಲ್ಲ. ಸ್ಪೆಷಲ್ ಮೀಲ್ ಅಂತ ಬುಕ್ ಮಾಡಿದ್ರೂ ನಟ್ಸ್ ಇಲ್ಲವೇ ಇಲ್ಲ ಅಂತ ಗ್ಯಾರಂಟಿ ಕೊಡಲ್ಲ, ಅವರೇ ಹಾಗೆ ಬರೆದಿರ್ತಾರೆ. ಪ್ರಯಾಣ 20 ಗಂಟೆ ಇದ್ರೆ 40 ಗಂಟೆಗೆ ಆಗೋಷ್ಟು ಕಟ್ಟಿ, ನಾವು ಪೆಟ್ಟು ತಿಂದಿದ್ದೇ ಅಲ್ಲಿ. ಮೊದಲ ಊಟಕ್ಕೆ ಚಪಾತಿ, ಒಣ ಆಲೂಗಡ್ಡೆ ಪಲ್ಯ, ಆಮೇಲಿಂದಕ್ಕೆ ಕೆಡದೇ ಇರೋದು, ರಾಗಿ ಹುರಿಹಿಟ್ಟು, ಮನೇಲೇ ಒಗ್ಗರಣೆ ಹಾಕಿದ ಅವಲಕ್ಕಿ, ಖಾಖ್ರಾ ಥರದ್ದು. ಫ್ಲಾಸ್ಕಲ್ಲಿ ಬಿಸಿನೀರು ಕೇಳಿ ಹಾಕಿಸ್ಕೊಂಡ್ರೆ ಹುರಿಹಿಟ್ಟು ಕಲೆಸಿಬಿಡ್ಬೋದು, ನಮ್ಮ ಡಬ್ಬಿ ಬಿಸಿ ಮಾಡ್ಕೊಡಿ ಅಂದ್ರೆ ಸಾಮಾನ್ಯವಾಗಿ ಆಗಲ್ಲ ಅಂತಾರೆ. ಚಟ್ನಿ, ಮೊಸರು ಹ್ಯಾಂಡ್ ಬ್ಯಾಗಲ್ಲಿ ಬೇಡ, 100 ಎಂಎಲ್ ಲೆಕ್ಕಕ್ಕೆ ಬಂದು ಎಸೆಸ್ತಾರೆ. ಕಾಂಡಿಮೆಂಟ್ಸ್ ಅಂಗಡಿಯಿಂದ ಚಕ್ಲಿ, ಕೋಡುಬಳೆ ತಗೊಳ್ಳೋ ಆಸೆ ಬಿಡಿ, ಮಸಾಲೆ ಕಡ್ಲೆಬೀಜ ಕರಿದ ಎಣ್ಣೇಲೇ ಅದನ್ನೂ ಕರಿದಿರ್ತಾರೆ, ಒಂದೇ ಕೈಯಲ್ಲಿ ಎರಡನ್ನೂ ಪ್ಯಾಕ್ ಮಾಡಿರ್ತಾರೆ.

ಇನ್ನೊಂದು, ನಮ್ಮವರ ಪ್ರೀತಿ. ಬೆಂಗಳೂರು ಫ್ಲೈಟ್ ಅಂದ್ಮೇಲೆ ಪಕ್ಕದಲ್ಲಿ ಕನ್ನಡದವರು ಸಿಕ್ಕೇ ಸಿಗ್ತಾರೆ, ಮಗು ಮುಖ ನೋಡಿ ತಕ್ಷಣ ಬ್ಯಾಗಿಂದ ನಿಪ್ಪಟ್ಟು ತೆಗೀತಾರೆ, ಒಂಚೂರು ತಗೋ ಪುಟ್ಟ ಏನಾಗಲ್ಲ ಅಂತಾರೆ. ಅಲರ್ಜಿ ಅಂದ್ರೆ ಮೈ ಕೆರೆತ ಅಂತ ಅಂದ್ಕೊಳ್ತಾರೆ, ಅದಕ್ಕೆ ನಾನು ಆ ಪದನೇ ಬಿಟ್ಟಿದೀನಿ. ಕೂತ ತಕ್ಷಣ ನಾನೇ ಹೇಳ್ತೀನಿ, ಅಮ್ಮಾ ಇವಳು ಕಡ್ಲೆಬೀಜ ತಿಂದ್ರೆ ಉಸಿರು ಕಟ್ಟತ್ತೆ, ಒಂದ್ಸಲ ವಿಮಾನದಲ್ಲೇ ಆಗಿದೆ, ನೀವು ಸ್ವಲ್ಪ ನೋಡ್ಕೊಳ್ಳಿ ಅಂತ. ನೋಡ್ಕೊಳ್ಳಿ ಅಂದ್ರೆ ಸಾಕು, ಇಡೀ ಸಾಲು ಕಾವಲಿಗೆ ನಿಲ್ಲತ್ತೆ. ಒಬ್ರು ಅಜ್ಜಿಯಂತೂ ತಮ್ಮ ನಿಪ್ಪಟ್ಟಿನ ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿದವರು ಆಮೇಲೆ ತೆಗೀಲೇ ಇಲ್ಲ, ಇಳಿಯುವಾಗ ಅವರ ಕಾಲಿಗೆ ನಮಸ್ಕಾರ ಮಾಡ್ಸಿದೆ.

ಉತ್ತರ, ನ್ಯೂಜೆರ್ಸಿಯಿಂದ:

ಮೇಲೆ ಹೇಳಿರೋದೆಲ್ಲ ಸರಿ, ನನ್ನ ಮಗನಿಗೆ ಹಾಲು ಮತ್ತೆ ಎಳ್ಳು, ಅದ್ರಿಂದ ಎರಡು ಮಾತು ಸೇರಿಸ್ತೀನಿ. ಸ್ಪೆಷಲ್ ಮೀಲ್ ಪಟ್ಟೀಲಿ ಲೋ ಲ್ಯಾಕ್ಟೋಸ್ ಅಂತ ಇರತ್ತೆ, ಅದು ಹಾಲಿನ ಸಕ್ಕರೆ ಅರಗದವರಿಗೆ, ಹಾಲಿನ ಪ್ರೋಟೀನ್ ಅಲರ್ಜಿ ಇರೋ ಮಗುಗೆ ಅದು ಊಟ ಅಲ್ಲ. ನಮ್ಮ ಕಡೆಯ ಕೆಲವು ಡಾಕ್ಟರ್‌ಗಳೇ ಎರಡನ್ನೂ ಒಂದೇ ಥರ ಮಾತಾಡ್ತಾರೆ, ಬೇಜಾರಾಗತ್ತೆ. ಎಳ್ಳಿನದ್ದು ಇನ್ನೊಂದು ಕಷ್ಟ, ಅಮೆರಿಕದಲ್ಲಿ 2023ರ ಜನವರಿಯಿಂದ ಪ್ಯಾಕೆಟ್ ಮೇಲೆ ಎಳ್ಳು ಇದೆ ಅಂತ ಬರೀಲೇಬೇಕು, ನಮ್ಮ ದೇಶದ 2020ರ ಲೇಬಲ್ ನಿಯಮದ ಅಲರ್ಜಿ ಪಟ್ಟೀಲಿ ಕಡಲೆಕಾಯಿ, ಗೋಡಂಬಿ ಥರದ ನಟ್ಸ್, ಹಾಲು, ಮೊಟ್ಟೆ, ಸೋಯಾ ಎಲ್ಲ ಇದೆ, ಎಳ್ಳು ಸೇರಿಲ್ಲ. ಊರಿಂದ ಬರುವಾಗ ತಂದ ಪ್ಯಾಕೆಟ್‌ಗಳಲ್ಲಿ ಹಿಂದಿನ ಸಣ್ಣ ಅಕ್ಷರ ಪೂರ್ತಿ ಓದ್ಬೇಕು. 2016ರಲ್ಲಿ ಲಂಡನ್ನಿಂದ ಫ್ರಾನ್ಸಿನ ನೀಸ್‌ಗೆ ಹೊರಟಿದ್ದ 15 ವರ್ಷದ ಹುಡುಗಿ ತೀರ್ಕೊಂಡಿದ್ದು ಏರ್‌ಪೋರ್ಟಲ್ಲಿ ಕೊಂಡ ಸ್ಯಾಂಡ್‌ವಿಚ್‌ನ ಬ್ರೆಡ್ ಹಿಟ್ಟಲ್ಲೇ ಸೇರಿದ್ದ ಎಳ್ಳಿನಿಂದ, ಲೇಬಲ್ ಮೇಲೆ ಅದು ಇರಲಿಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ ಕಾನೂನು ಬದಲಾಗಿದ್ದೇ ಅವಳ ಹೆಸರಲ್ಲಿ. ಆ ಮಗು ವಿಷ್ಯ ಓದಿದ ಮೇಲೆ ಏರ್‌ಪೋರ್ಟ್ ಅಂಗಡಿ ತಿಂಡಿ ನಮ್ಮನೇಲಿ ಬಂದ್.

ಡಲ್ಲಾಸ್ ಅಂದ್ರಲ್ಲ, ಅಮೆರಿಕಕ್ಕೆ ಬರೋ ಫ್ಲೈಟಲ್ಲಿ ಗೇಟ್ ಹತ್ರ ಹೋಗಿ, ಮಗುಗೆ ಅಲರ್ಜಿ ಇದೆ, ಸೀಟ್ ಒರೆಸೋಕೆ ಮೊದ್ಲೇ ಒಳಗೆ ಬಿಡಿ ಅಂತ ಕೇಳಿ. ನಟ್ ಅಲರ್ಜಿ ಇರೋರಿಗೆ ಇದನ್ನ ಕೊಡದೇ ಇರೋದು ತಪ್ಪು ಅಂತ ಅಮೆರಿಕದ ಸಾರಿಗೆ ಇಲಾಖೆ 2019ರಲ್ಲೇ ತೀರ್ಮಾನ ಕೊಟ್ಟಿದೆ. ಟಿಕೆಟ್ ಮಾರಿದವರು ಒಬ್ರು, ಹಾರಿಸೋರು ಇನ್ನೊಬ್ರು ಆಗಿದ್ರೆ ಇಬ್ರಿಗೂ ಬೇರೆ ಬೇರೆ ಫೋನ್ ಮಾಡಿ, ಒಬ್ರ ಕಂಪ್ಯೂಟರ್‌ನಲ್ಲಿ ಬರ್ದಿದ್ದು ಇನ್ನೊಬ್ರಿಗೆ ಹೋಗಿರಲ್ಲ, ನಮಗೆ ಹಾಗೇ ಆಗಿತ್ತು. ಉಳಿದ ಮನೆ ತಿಂಡೀನ ಇಳಿಯೋ ಮುಂಚೆ ಮುಗಿಸಿ, ಇಲ್ಲಾಂದ್ರೆ ಕಸ್ಟಮ್ಸ್‌ನಲ್ಲಿ ಇದೆ ಅಂತ ಹೇಳ್ಬಿಡಿ, ಮುಚ್ಚಿಡ್ಬೇಡಿ.

ಪ್ರಶ್ನೆ ಕೇಳಿದವರು ಮತ್ತೆ:

ಇಬ್ರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಕಣ್ಣೀರು ಬಂತು. ಆದ್ರೆ ನಮ್ಮೂರಲ್ಲಿ ಪೆನ್ ಅಂದ್ರೆ ಮೆಡಿಕಲ್ ಶಾಪ್‌ನವರು ಇನ್ಸುಲಿನ್ ಪೆನ್ನಾ ಅಂತ ಕೇಳ್ತಾರೆ. ನಮ್ಮ ಡಾಕ್ಟರ್ ಆಂಪ್ಯೂಲ್ (ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ) ಮತ್ತೆ ಸಿರಿಂಜ್ ಬರ್ಕೊಟ್ಟಿದಾರೆ. ಅದನ್ನ ವಿಮಾನದಲ್ಲಿ ನಾನು ಹೇಗೆ ಮಾಡ್ಲಿ?

ಉತ್ತರ, ಬೆಂಗಳೂರಿಂದ:

ನಮ್ಗೂ ಮೊದಲ ಎರಡು ವರ್ಷ ಪೆನ್ ಸಿಕ್ಕಿರಲಿಲ್ಲ, ಹೊರದೇಶದಿಂದ ಬರೋರ ಕೈಲಿ ತರಿಸ್ಕೊಂಡ್ವಿ. ನಿಮ್ಮ ತಂಗಿ ಅಲ್ಲೇ ಇದಾರಲ್ಲ, ಡಲ್ಲಾಸ್ ತಲುಪಿದ ಮೇಲೆ ಅಲ್ಲಿನ ಡಾಕ್ಟರ್ ಹತ್ರ ಬರೆಸಿ ಅಲ್ಲೇ ತಗೊಳ್ಳಿ, 0.15 ಎಂಜಿ ಅನ್ನೋದು 15ರಿಂದ 30 ಕೆಜಿ ಮಕ್ಕಳಿಗೆ. ಹೋಗುವಾಗಿನದ್ದಕ್ಕೆ ಬೆಂಗಳೂರಿನ ಅಲರ್ಜಿ ಡಾಕ್ಟರ್ ಒಬ್ರನ್ನ ಈಗ್ಲೇ ನೋಡಿ, ಕೊನೇ ವಾರಕ್ಕೆ ಬಿಡ್ಬೇಡಿ, ಪೆನ್ ಎಲ್ಲಿಂದ ತರಿಸ್ಬೋದು ಅಂತ ಅವರಿಗೆ ಗೊತ್ತಿರತ್ತೆ. ಸಿಗ್ಲಿಲ್ಲ ಅಂದ್ರೆ ಆಂಪ್ಯೂಲೇ ಗತಿ, ಒಳಗಿರೋ ಔಷಧಿ ಅದೇ ಅಡ್ರಿನಲಿನ್. ಆದ್ರೆ ಎಷ್ಟು ಎಂಎಲ್ ಅನ್ನೋದನ್ನ ಇವನ ತೂಕಕ್ಕೆ ಲೆಕ್ಕ ಹಾಕಿ ಡಾಕ್ಟರೇ ಚೀಟೀಲಿ ಬರೀಬೇಕು, ಸಿರಿಂಜ್ ಮೇಲೆ ಆ ಗೆರೆಗೆ ಗುರುತು ಹಾಕಿಸ್ಕೊಳ್ಳಿ. ಗಾಜಿನ ಕತ್ತು ಮುರಿಯೋದು, ಎಳೆಯೋದು, ಗಾಳಿ ಗುಳ್ಳೆ ತೆಗೆಯೋದು, ಇದನ್ನ ಅವರ ಕ್ಲಿನಿಕ್‌ನಲ್ಲೇ ನೀವು, ನಿಮ್ಮನೆಯವರು ಇಬ್ರೂ ಕೈಯಾರೆ ಮಾಡಿ. ಆಮೇಲೆ ಮನೇಲಿ ನೀರು ತುಂಬಿ ಮೂಸಂಬಿ ಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡಿ, ನಾನು ಹದಿನೈದು ದಿನ ಮಾಡಿದೀನಿ, ಮೊದಲ ದಿನ ಕೈ ನಡುಗ್ತಿತ್ತು, ಹತ್ತನೇ ದಿನ ಕಣ್ಣು ಮುಚ್ಕೊಂಡು ಆಗ್ತಿತ್ತು. ವಿಮಾನದ ಮೆಡಿಕಲ್ ಕಿಟ್‌ನಲ್ಲೂ ಸಾಮಾನ್ಯವಾಗಿ ಇರೋದು ಆಂಪ್ಯೂಲೇ, ಅದನ್ನ ತೆಗೆಸಿ ಕೊಡೋಕೆ ಡಾಕ್ಟರ್ ಹುಡುಕ್ಬೇಕು, ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ.

ಸೆಕ್ಯೂರಿಟೀಲಿ ಸೂಜಿ ನೋಡಿ ನಿಲ್ಲಿಸ್ತಾರೆ, ಅದಕ್ಕೆ ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಪತ್ರ ಬೇಕು, ಮಗು ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಬೇಕು, ಏನು ಅಲರ್ಜಿ, ಯಾವ ಔಷಧಿ, ಎಷ್ಟು ಡೋಸ್, ಯಾಕೆ ಕ್ಯಾಬಿನ್‌ನಲ್ಲೇ ಇರ್ಬೇಕು ಅಂತ. ಸಹಿ, ಸೀಲು, ಮೂರು ಕಾಪಿ. ಔಷಧಿ ಅದರ ಡಬ್ಬದಲ್ಲೇ ಇರಲಿ, ಬಿಲ್ಲೂ ಜೊತೇಲಿರಲಿ. ಬೆಂಗಳೂರಲ್ಲಿ ನಮ್ಮನ್ನ ಎರಡು ನಿಮಿಷ ನಿಲ್ಲಿಸಿ ಪತ್ರ ಓದಿ ಬಿಟ್ರು, ನೀವೇ ಮೊದ್ಲು ಟ್ರೇಯಲ್ಲಿ ಬೇರೆ ಇಟ್ಟು ಹೇಳಿದ್ರೆ ಇನ್ನೂ ಸುಲಭ. ಚೆಕ್ ಇನ್ ಬ್ಯಾಗಲ್ಲಿ ಮಾತ್ರ ಹಾಕ್ಬೇಡಿ, ಕೆಳಗಡೆ ಚಳಿ ಜಾಸ್ತಿ ಆಗ್ಬೋದು, ಬ್ಯಾಗೇ ಕಳ್ದೂ ಹೋಗ್ಬೋದು. ಫ್ರಿಡ್ಜಲ್ಲೂ ಇಡ್ಬೇಡಿ, ಬಿಸಿಲಲ್ಲೂ ಬಿಡ್ಬೇಡಿ.

ಮನೆಯವರು ಏನಾಗಲ್ಲ ಅಂತಾರೆ ಅಂದ್ರಲ್ಲ, ನಿಮ್ಮನೆಯವರನ್ನೂ ಅತ್ತೆಯನ್ನೂ ಆ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ. ನಮ್ಮತ್ತೆ ಬದಲಾಗಿದ್ದು ಹಾಗೇ, ಈಗ ಸಂಕ್ರಾಂತಿಗೆ ಯಾರಾದ್ರೂ ಎಳ್ಳು ಬೆಲ್ಲ ತಂದ್ರೆ ಅವರೇ ಬಾಗಿಲಲ್ಲಿ ಇಸ್ಕೊಂಡು ಮೇಲೆ ಎತ್ತಿಟ್ಟು ಕೈ ತೊಳ್ಕೊಂಡು ಬರ್ತಾರೆ.

ಸೂಜಿ ಇಲ್ಲದ ಟ್ರೈನರ್ ಪೆನ್ ಒಂದು ನಮ್ಮನೇಲಿದೆ, ತಂಗಿ ಮನೇಲಿ ಪೆನ್ ತಗೊಂಡ ಮೇಲೆ ನಿಮಗೆ ಅದೂ ಅಭ್ಯಾಸ ಆಗಿರ್ಬೇಕಲ್ಲ. ನವೆಂಬರ್ ಒಳಗೆ ದಾವಣಗೆರೆಗೆ ಕೊರಿಯರ್ ಮಾಡ್ತೀನಿ, ಮಗನ ಕೈಲೂ ಕೊಡಿ, ಅವನೇ ನಿಮ್ಮ ತೊಡೆಗೆ ಒತ್ತಿ ಕ್ಲಿಕ್ ಅನ್ನಿಸಲಿ, ನಮ್ಮವಳಿಗೆ ಅದರ ಭಯ ಹೋಗಿದ್ದು ಹಾಗೆ.