ಕಲ್ಲುಕೊರಕ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕಡಲಂಚಿನ ಸುಣ್ಣದ ಕಲ್ಲನ್ನು ಕೊರೆದು ಅದರೊಳಗೇ ಬದುಕುವ ಸಯನೋಬ್ಯಾಕ್ಟೀರಿಯಾಗಳಿವೆ, ಅಂದರೆ 'ನೀಲಿಹಸಿರು ಪಾಚಿ' ಅಂತಲೂ ಕರೆಯುವ ಬ್ಯಾಕ್ಟೀರಿಯಾಗಳು. ಮಾಸ್ಟಿಗೊಕೋಲಿಯಸ್, ಹೈಯೆಲ್ಲಾ ಇಂಥವು. ಇವಕ್ಕೆಲ್ಲ ಸೇರಿ ಕನ್ನಡದಲ್ಲಿ ಏನನ್ನೋಣ?

ನಮ್ಮದು ಕಲಬುರಗಿ, ತೊಗರಿ ನಾಡು. 'ಕಾಯಿಕೊರಕ' ಹುಳು ಇಲ್ಲಿ ಮಕ್ಕಳಿಗೂ ಗೊತ್ತು. ಅದೇ ದಾರಿಯಲ್ಲಿ 'ಕಲ್ಲುಕೊರಕ' ಅಂತ ಬರೆದೆ. ಗೆಳೆಯರೊಬ್ಬರು ಓದಿ, "ಕಲ್ಲುಗೊರಕ ಆಗಬೇಕಲ್ರೀ, ಮಳೆಗಾಲ ಇದ್ದಂಗ" ಅಂದರು. ನನಗೆ ಹಾಗನ್ನಿಸಲ್ಲ. ಮರಕುಟಿಗ, ಕಾಯಿಕೊರಕ, ಕಡಲ್ಕೊರೆತ, ಯಾವುದರಲ್ಲೂ ಕ ಹೋಗಿ ಗ ಬಂದಿಲ್ಲ. ಮೇಲಾಗಿ ಗೊರಕ ಅಂದರೆ ಗೊರಕೆ ಹೊಡೆದ ಹಾಗೆ ಕೇಳುತ್ತದೆ.

ನನ್ನ ತೊಡಕು ಬೇರೆ. ಕಾಯಿಕೊರಕ ಕಾಳು ತಿನ್ನಲಿಕ್ಕೆ ಕೊರೆಯುತ್ತದೆ. ಇವು ಕಲ್ಲು ತಿನ್ನುವುದಿಲ್ಲ. ಬಿಸಿಲಿನಿಂದಲೇ ಊಟ ಮಾಡಿಕೊಳ್ಳುತ್ತವೆ, ಅದಕ್ಕೇ ಬೆಳಕು ಇಳಿಯುವಷ್ಟು ಆಳದಲ್ಲೇ ಇರುತ್ತವೆ. ಹಾಗೆ ನೋಡಿದರೆ ಬೆಳಕಿನಿಂದ ಆಹಾರ ಮಾಡುವ ಜೀವಿಯ ಸುತ್ತ ಸುಣ್ಣ ಕಟ್ಟಬೇಕು, ಕರಗಬಾರದು. ಆದರೂ ಕರಗುತ್ತದೆ! ವಿಜ್ಞಾನಿ ಗಾರ್ಸಿಯಾ-ಪಿಚೆಲ್ ಮತ್ತು ಜೊತೆಗಾರರು 2010ರಲ್ಲಿ ಮಾಸ್ಟಿಗೊಕೋಲಿಯಸ್‌ನಲ್ಲಿ ಇದರ ಗುಟ್ಟು ತೋರಿಸಿದರು. ಇದರ ಮೈ ಅಂದರೆ ಸಾಲಾಗಿ ಕೂಡಿದ ಕೋಶಗಳ ಒಂದು ಎಳೆ. ಆ ಎಳೆಯ ತುದಿಯ ಕೋಶಗಳು ಕಲ್ಲಿನ ಬಳಿಯ ಕ್ಯಾಲ್ಸಿಯಂ ಹೀರುತ್ತವೆ. ಬಾವಿ ತೋಡುವವರು ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುವಂತೆ ಅದು ಕೋಶದಿಂದ ಕೋಶಕ್ಕೆ ಸಾಗಿ ಹೊರಗೆ ಬೀಳುತ್ತದೆ. ತುದಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದಂತೆ ಕಲ್ಲು ತಾನಾಗೇ ಕರಗುತ್ತದೆ.

ಇದು 'ಕೊರೆಯುವುದು' ಆಗುತ್ತದಾ? ಕಡಲ್ಕೊರೆತದಲ್ಲಿ ಕಡಲಿನ ಕೈಯಲ್ಲೂ ಉಳಿ ಇಲ್ಲವಲ್ಲ. ಹಾಗಾಗಿ ನಡೆಯುತ್ತದೆ ಅಂತ ನನ್ನ ಲೆಕ್ಕ.

'ಕಲ್ಲುವಾಸಿ' ಸಾಲದು. ಬಿರುಕಿನಲ್ಲಿ ಸೇರಿಕೊಂಡವು, ಕಲ್ಲಿನಲ್ಲಿ ಮೊದಲೇ ಇದ್ದ ಸಣ್ಣ ಸಂದಿಯಲ್ಲಿ ಕೂತವು, ತಾವೇ ಕೊರೆದವು ಅಂತ ವಿಜ್ಞಾನಿಗಳು 1981ರಲ್ಲೇ ಬೇರೆ ಮಾಡಿದ್ದಾರೆ. ಕಲ್ಲುವಾಸಿ ಅಂದರೆ ಮೂರೂ ಒಂದಾಗಿಬಿಡುತ್ತವೆ. 'ನೀಲಿಹಸಿರು ಪಾಚಿ' ಅಂತೂ ಬೇಡ. ಮಳೆಗಾಲದಲ್ಲಿ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಕಾಲು ಜಾರಿಸುತ್ತದಲ್ಲ, ಓದುಗರು ಅದನ್ನೇ ಅಂದುಕೊಳ್ಳುತ್ತಾರೆ.

ಇನ್ನೊಂದು. ಇವು ಕೊರೆದ ಜಾಗ ಕೂದಲೆಳೆಗಿಂತ ಸಣ್ಣದು, ಕೆಲವೇ ಮೈಕ್ರೋಮೀಟರ್ ಅಗಲ. 'ತೂತು' ಅಂದರೆ ಖಾಲಿ ಅನ್ನಿಸುತ್ತದೆ. 'ಸುರಂಗ'ಕ್ಕೆ ಆಚೆ ಬಾಯಿ ಬೇಕು. ಒಳಗೆ ಯಾರೋ ಇದ್ದಾರೆ ಅನ್ನುವುದು 'ಬಿಲ'ದಲ್ಲಿ ಮಾತ್ರ ಇದೆ. ಆದರೆ ಕಲ್ಲಿನೊಳಗೆ ಬಿಲ ಅಂದರೆ ನಿಮಗೆ ಇಲಿ ನೆನಪಾಗುತ್ತದಾ, ಹೇಳಿ.